ಸಿಮ್ಯುಲೇಟರ್ ಟ್ರೈನಿಂಗ್‌ಗೆ ಕ್ರೂ ವೀಸಾ ನಡೆಯುವುದಿಲ್ಲ, ಮೊದಲು ಸೆಂಟರ್ ಪತ್ರ ಸರಿ ಮಾಡಿಸಿ

ಸರ್, ನಿಮ್ಮ ಪ್ರಶ್ನೆ ಓದಿ ತಕ್ಷಣ ಬರೆಯುತ್ತಿದ್ದೇನೆ. ಮುಂದಿನ ತಿಂಗಳು ಅಮೆರಿಕದಲ್ಲಿ ಎ320 ಟೈಪ್ ರೇಟಿಂಗ್ (ಆ ಮಾದರಿಯ ವಿಮಾನ ಹಾರಿಸಲು ಬೇಕಾದ ಅರ್ಹತೆ), ಸಿಮ್ಯುಲೇಟರ್ ಸ್ಲಾಟ್‌ಗೆ ದುಡ್ಡು ಕಟ್ಟಿದ್ದೀರಿ, ಕೈಯಲ್ಲಿ ಸಿ-1/ಡಿ ಅನ್ನುವ ಕ್ರೂ ವೀಸಾ ಇದೆ. "ಬರೀ ಸಿಮ್ಯುಲೇಟರ್ ತಾನೇ, ವಿಮಾನ ಮುಟ್ಟುವುದೇ ಇಲ್ಲ, ಕ್ರೂ ವೀಸಾದಲ್ಲೇ ಹೋಗಿ ಬರಬಹುದಲ್ವಾ" ಅಂತ ಕೇಳಿದ್ದೀರಿ. ಆಗುವುದಿಲ್ಲ. ನಾನೂ ಹಿಂದೆ ಇದೇ ಲೆಕ್ಕ ಹಾಕಿ ಸ್ಲಾಟ್ ಕಳೆದುಕೊಂಡವನು, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ. ಕೆಳಗೆ ಇಬ್ಬರು "ಏನೂ ಆಗಲ್ಲ, ಯೂನಿಫಾರ್ಮ್ ಹಾಕಿಕೊಂಡು ಹೋಗಿ" ಅಂತ ಬರೆದಿದ್ದಾರೆ. ದಯವಿಟ್ಟು ಹಾಗೆ ಬರೆಯಬೇಡಿ. ನಿಮ್ಮ ಮಾತು ನಂಬಿ ಹೋದವನ ಮೇಲೆ ವೀಸಾ ರದ್ದಾದ ದಾಖಲೆ ಕೂತರೆ, ಮುಂದೆ ಆ ದೇಶಕ್ಕೆ ಡ್ಯೂಟಿ ಫ್ಲೈಟ್‌ಗೂ ತೊಂದರೆ.

ಡಿ ವೀಸಾ ಇರುವುದು ವಿಮಾನದಲ್ಲಿ ಕೆಲಸ ಮಾಡುತ್ತಾ ಬಂದು, 29 ದಿನದೊಳಗೆ ವಾಪಸ್ ಹೋಗುವ ಕ್ರೂಗೆ. ಸಿ-1 ಬರೀ ಟ್ರಾನ್ಸಿಟ್. ಸಿಮ್‌ಗೆ ಹೋಗುವಾಗ ನೀವು ಡ್ಯೂಟಿಯಲ್ಲಿ ಇಲ್ಲ, ಜನರಲ್ ಡಿಕ್ಲರೇಷನ್‌ನಲ್ಲಿ (ಆ ಫ್ಲೈಟ್‌ನ ಕ್ರೂ ಪಟ್ಟಿ ಇರುವ ಕಾಗದ) ನಿಮ್ಮ ಹೆಸರಿಲ್ಲ, ಟಿಕೆಟ್ ತೆಗೆದುಕೊಂಡು ಪ್ರಯಾಣಿಕನಾಗಿ ಇಳಿಯುತ್ತೀರಿ. ಕ್ರೂ ಕಾರ್ಡ್ ಇದ್ದರೂ ಅಷ್ಟೇ. ಬೇರೆ ದೇಶಗಳಲ್ಲಿ ಕ್ರೂಗೆ ಸಿಗುವ ವೀಸಾ ವಿನಾಯಿತಿಯೂ ಡ್ಯೂಟಿಯಲ್ಲಿರುವ ಕ್ರೂಗೆ ಮಾತ್ರ.

"ಬರೀ ಸಿಮ್ಯುಲೇಟರ್" ಅನ್ನುವ ಮಾತನ್ನು ಮೊದಲು ತಲೆಯಿಂದ ತೆಗೆದುಹಾಕಿ. 2001ರ ಆಗಸ್ಟ್‌ನಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಅಲ್ ಖೈದಾದ ಜಕಾರಿಯಾಸ್ ಮೌಸಾವಿ ಸಿಕ್ಕಿಬಿದ್ದದ್ದು 747-400 ಸಿಮ್ಯುಲೇಟರ್ ಕಲಿಯಲು ಬಂದಾಗ. ಅಲ್ಲಿನ ಸಿಬ್ಬಂದಿಗೆ ಅನುಮಾನ ಬಂದು ತಿಳಿಸಿದರು. ಆಗ ಅವನನ್ನು ಹಿಡಿದದ್ದು ವಲಸೆ ನಿಯಮ ಮುರಿದ ಕಾರಣಕ್ಕೆ, ಇರಬೇಕಾದ ಅವಧಿ ಮೀರಿ ಉಳಿದಿದ್ದ. ಒಂದು ತಿಂಗಳೊಳಗೆ ಸೆಪ್ಟೆಂಬರ್ 11ರ ದಾಳಿ ನಡೆಯಿತು. ಆಮೇಲೆ ಬಂದ ನಿಯಮಗಳಲ್ಲಿ ಸಿಮ್ಯುಲೇಟರ್‌ಗೂ ವಿಮಾನಕ್ಕೂ ಭೇದ ಇಲ್ಲ. ನಿಮ್ಮ ಕಾಗದ ನೋಡುವ ಆಫೀಸರ್‌ಗೆ ಈ ಹಿನ್ನೆಲೆ ಗೊತ್ತಿರುತ್ತದೆ.

ಅಮೆರಿಕಕ್ಕೆ ಎರಡು ಬೇರೆ ಬೇರೆ ಬಾಗಿಲು ದಾಟಬೇಕು. ಒಂದು ವೀಸಾ, ಇನ್ನೊಂದು ಟಿಎಸ್‌ಎ, ಅಂದರೆ ಅಲ್ಲಿನ ಸಾರಿಗೆ ಭದ್ರತಾ ಇಲಾಖೆಯ ಒಪ್ಪಿಗೆ. ಒಂದು ಸಿಕ್ಕಿತು ಅಂದರೆ ಇನ್ನೊಂದೂ ಸಿಕ್ಕಿದ ಹಾಗೆ ಅಲ್ಲ. ಹಳಬರು ಈಗಲೂ ಟಿಎಸ್‌ಎಯ ಹಳೆ ಪರಿಶೀಲನಾ ಪದ್ಧತಿಯ ಎಎಫ್‌ಎಸ್‌ಪಿ, ಕೆಟಗರಿ 1, ಕೆಟಗರಿ 4 ಅಂತ ಮಾತಾಡುತ್ತಾರೆ. ಅದು ಹಳೆ ಲೆಕ್ಕ. 2024ರ ಜುಲೈ 30ರಿಂದ ಎಫ್‌ಟಿಎಸ್‌ಪಿ (ಫ್ಲೈಟ್ ಟ್ರೈನಿಂಗ್ ಸೆಕ್ಯುರಿಟಿ ಪ್ರೋಗ್ರಾಂ) ಹೊಸ ನಿಯಮ ಜಾರಿಯಲ್ಲಿದೆ. ಹಿಂದೆ ಪ್ರತಿ ಟ್ರೈನಿಂಗ್‌ಗೂ ಹೊಸದಾಗಿ ಪರಿಶೀಲನೆ, ಹೊಸದಾಗಿ ಶುಲ್ಕ. ಈಗ ಒಮ್ಮೆ ಪರಿಶೀಲನೆ ಮುಗಿದರೆ ಗರಿಷ್ಠ 5 ವರ್ಷ ನಡೆಯುತ್ತದೆ. ನಿಯಮ ಬಂದಾಗ ಇಟ್ಟ ಶುಲ್ಕ 140 ಡಾಲರ್. ಆದರೆ ಪ್ರತಿ ಟ್ರೈನಿಂಗನ್ನೂ ಟಿಎಸ್‌ಎಯ ಪೋರ್ಟಲ್‌ನಲ್ಲಿ ತೋರಿಸಬೇಕು, ಅದು ರಿಕರೆಂಟ್ (ಇರುವ ರೇಟಿಂಗ್ ಉಳಿಸಿಕೊಳ್ಳಲು ಮತ್ತೆ ಮತ್ತೆ ಮಾಡುವ ತರಬೇತಿ) ಆದರೂ ಸರಿ. ಬೆರಳಚ್ಚು ಕೊಡಬೇಕು. ಪರಿಶೀಲನೆಗೆ 30 ದಿನ ಹಿಡಿಯಬಹುದು. ಈಗಾಗಲೇ ಟೈಪ್ ರೇಟಿಂಗ್ ಇರುವವರಂಥ ಕೆಲವರಿಗೆ ಬೇಗ ಆಗುವ ದಾರಿ ಇದೆ, ಆದರೆ ಅದನ್ನೇ ನಂಬಿ ಸ್ಲಾಟ್ ಹಿಡಿಯಬೇಡಿ. ಬೆರಳಚ್ಚು ಎಲ್ಲಿ ಕೊಡಬೇಕು ಅಂತ ಅರ್ಜಿ ಹಾಕುವ ದಿನವೇ ಸೆಂಟರ್‌ನವರನ್ನು ಕೇಳಿ. ಜಾಸ್ತಿ ಜನ ತಡವಾಗುವುದು ಅಲ್ಲೇ.

ಇನ್ನು ವೀಸಾ. ನಿಮ್ಮದು ಹೊಸ ಟೈಪ್ ರೇಟಿಂಗ್, ಪೂರ್ತಿ ಕೋರ್ಸ್. ಅದಕ್ಕೆ ಎಂ-1 (ವೃತ್ತಿ ತರಬೇತಿಯ ವಿದ್ಯಾರ್ಥಿ ವೀಸಾ) ದಾರಿ ಹಿಡಿಯಿರಿ. ಸೆಂಟರ್ ಐ-20 (ಕೋರ್ಸ್‌ಗೆ ಸೇರಿಸಿಕೊಂಡ ಪತ್ರ) ಕೊಡುತ್ತದೆ, ನೀವು 350 ಡಾಲರ್ ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ದಾಖಲಾತಿ ವ್ಯವಸ್ಥೆ) ಶುಲ್ಕ ಕಟ್ಟಿ ರಸೀದಿ ಇಟ್ಟುಕೊಂಡು, ಡಿಎಸ್-160 ಅನ್ನುವ ವೀಸಾ ಅರ್ಜಿ ತುಂಬಿ ಸಂದರ್ಶನಕ್ಕೆ ಹೋಗುತ್ತೀರಿ. ಐ-20 ಕೊಡಲು ಆ ಸೆಂಟರ್‌ಗೆ ಅನುಮತಿ ಇರಬೇಕು, ಎಲ್ಲರಿಗೂ ಇರುವುದಿಲ್ಲ. ದುಡ್ಡು ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆ ಇದು. ಕೋರ್ಸ್ ಶುರುವಾಗುವ ದಿನಕ್ಕಿಂತ 30 ದಿನಕ್ಕೂ ಮೊದಲು ಎಂ-1ನಲ್ಲಿ ಒಳಗೆ ಬಿಡುವುದಿಲ್ಲ, ಅದೂ ನೆನಪಿರಲಿ. ಕಂಪನಿಯೇ ಕಳುಹಿಸುವ ನಾಲ್ಕೈದು ದಿನದ ರಿಕರೆಂಟ್‌ಗೆ ಬಿ-1 (ವ್ಯವಹಾರದ ವೀಸಾ) ಕೊಡುವುದು ರೂಢಿ. ಆದರೂ ತೀರ್ಮಾನ ಕಾನ್ಸುಲೇಟ್‌ನದು, ಆಮೇಲೆ ಎಂಟ್ರಿಯಲ್ಲಿ ಕೂತ ಆಫೀಸರ್‌ನದು. ಬಿ-2 ಪ್ರವಾಸಿ ವೀಸಾದಲ್ಲಿ ಹೋಗಿ ಕೋರ್ಸ್‌ಗೆ ಸೇರುವುದಂತೂ ಬೇಡವೇ ಬೇಡ. ಬಿ ವೀಸಾದಲ್ಲಿ ಬಂದವರು ಕೋರ್ಸ್‌ಗೆ ಸೇರಬಾರದು ಅಂತ ನಿಯಮವೇ ಇದೆ.

ಈಗ ನಾನು ಹೇಳಬೇಕಾದ ಮುಖ್ಯ ವಿಷಯ: ಸೆಂಟರ್ ಕೊಡುವ ಪತ್ರ. ಬಹಳ ಜನ ಸೆಂಟರ್‌ನಿಂದ ಬಂದ ಎರಡು ಸಾಲಿನ "ಬುಕಿಂಗ್ ಕನ್ಫರ್ಮ್" ಮೇಲ್ ಪ್ರಿಂಟ್ ಮಾಡಿಕೊಂಡು ಸಂದರ್ಶನಕ್ಕೆ ಹೋಗುತ್ತಾರೆ. ಅದರಲ್ಲಿ ಕೋರ್ಸ್ ಏನು ಅಂತ ಇರುವುದಿಲ್ಲ. ಇರುವುದು ಸ್ಲಾಟ್ ನಂಬರ್ ಮತ್ತು ಇನ್‌ವಾಯ್ಸ್ ಅಷ್ಟೇ. ವೀಸಾ ಆಫೀಸರ್ ಪೈಲಟ್ ಅಲ್ಲ. ಅವರಿಗೆ ಎಫ್‌ಎಫ್‌ಎಸ್, ಎಲ್‌ಪಿಸಿ, ಓಪಿಸಿ ಅನ್ನುವ ನಮ್ಮ ಪೈಲಟ್ ಸಂಕ್ಷೇಪಗಳನ್ನು ಬರೆದರೆ ಏನೂ ತಿಳಿಯುವುದಿಲ್ಲ. ನಾನು ಪತ್ರದ ಕರಡನ್ನು ನಾನೇ ಬರೆದು ಸೆಂಟರ್‌ಗೆ ಕಳುಹಿಸಿ, ಅವರ ಲೆಟರ್‌ಹೆಡ್‌ನಲ್ಲಿ ಸಹಿ ಹಾಕಿಸಿಕೊಳ್ಳುತ್ತೇನೆ. ಯಾವ ಸೆಂಟರ್‌ನವರೂ ಬೇಡ ಅಂದಿಲ್ಲ, ಅವರಿಗೂ ಕೆಲಸ ಕಡಿಮೆ.

ಅದರಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹಾಗೇ ಪೂರ್ತಿ ಹೆಸರು, ಪಾಸ್‌ಪೋರ್ಟ್ ನಂಬರ್, ಲೈಸೆನ್ಸ್ ನಂಬರ್, ಯಾವ ಕಂಪನಿಯ ಪೈಲಟ್ ಅಂತ ಬರಬೇಕು. ಕೋರ್ಸ್‌ನ ಹೆಸರು ಸಂಕ್ಷೇಪ ಇಲ್ಲದೆ ಬರಬೇಕು. ಮೊದಲ ಬಾರಿಯ ಟೈಪ್ ರೇಟಿಂಗೋ, ಇರುವ ರೇಟಿಂಗ್ ಉಳಿಸಿಕೊಳ್ಳುವ ಆವರ್ತ ತರಬೇತಿಯೋ ಅನ್ನುವುದು ಒಂದೇ ಓದಿಗೆ ಗೊತ್ತಾಗಬೇಕು. ಟ್ರೈನಿಂಗ್ ಪೂರ್ತಿ ನೆಲದ ಮೇಲಿನ ಸಿಮ್ಯುಲೇಟರ್‌ನಲ್ಲಿ ನಡೆಯುತ್ತದೆ, ಈ ವಿಳಾಸದಲ್ಲಿ, ಈ ದಿನದಿಂದ ಈ ದಿನದವರೆಗೆ, ದಿನಕ್ಕೆ ಇಷ್ಟು ಗಂಟೆ ಅಂತ ಬರೆಸಿ. ಖರ್ಚು ಯಾರದು, ಅಲ್ಲಿ ಯಾರಿಂದಲೂ ಸಂಬಳ ಪಡೆಯುವುದಿಲ್ಲ, ಮುಗಿದ ಮೇಲೆ ಕೆಲಸಕ್ಕೆ ವಾಪಸ್ ಬರುತ್ತಾರೆ ಅನ್ನುವ ಮಾತುಗಳು ನಿಮ್ಮ ಕಂಪನಿಯ ಪತ್ರದಲ್ಲಿ ಇರಲಿ. ಎರಡೂ ಪತ್ರಗಳನ್ನು ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಹೋಲಿಸಿ. ಸೆಂಟರ್ "ಟೈಪ್ ರೇಟಿಂಗ್" ಅಂತ ಬರೆದು ಕಂಪನಿಯ ಎಚ್‌ಆರ್ "ರಿಫ್ರೆಶರ್" ಅಂತ ಬರೆದರೆ, ನೀವು ಎಷ್ಟೇ ಸತ್ಯ ಹೇಳಿದರೂ ಎದುರಿಗಿರುವವರಿಗೆ ಅನುಮಾನ ಬರುತ್ತದೆ. ಎಚ್‌ಆರ್‌ನವರು ಹಳೆಯ ಪತ್ರವನ್ನೇ ತಾರೀಖು ಬದಲಿಸಿ ಕೊಡುತ್ತಾರೆ. ಓದದೆ ತೆಗೆದುಕೊಳ್ಳಬೇಡಿ.

ತಾರೀಖಿನ ವಿಷಯದಲ್ಲಿ ಇನ್ನೊಂದು. ಸಿಮ್ ಕೆಡುತ್ತದೆ. ಮೋಷನ್ (ಅಲುಗಾಡಿಸುವ ಯಂತ್ರ) ಹೋಯಿತು, ವಿಷುವಲ್ (ಹೊರಗಿನ ದೃಶ್ಯ ತೋರಿಸುವ ಪರದೆ) ಹೋಯಿತು ಅಂತ ಸ್ಲಾಟ್ ಒಂದೆರಡು ದಿನ ಮುಂದೆ ಹೋಗುವುದು ಮಾಮೂಲಿ. ಪತ್ರದಲ್ಲಿ ಕೊನೆ ಸೆಷನ್‌ನ ದಿನಕ್ಕೇ ಗೆರೆ ಎಳೆಸಿಕೊಂಡರೆ, ಅಲ್ಲಿ ಇರಲು ಅನುಮತಿಯೂ ಅಷ್ಟೇ ದಿನಕ್ಕೆ ಸಿಗಬಹುದು. ಕೊನೆಗೆ ಒಂದಷ್ಟು ದಿನ ಮೀಸಲು ಇರಲಿ, ಕಾರಣವನ್ನೂ ಪತ್ರದಲ್ಲೇ ಬರೆಸಿ. ಸಿಮ್‌ಗಳು ಹಗಲು ರಾತ್ರಿ ನಡೆಯುತ್ತವೆ, ನಿಮಗೆ ರಾತ್ರಿ 10ರಿಂದ 2ರ ಸ್ಲಾಟ್ ಬರಬಹುದು. ರೋಸ್ಟರ್ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ), ಇರಲು ಕೊಟ್ಟ ಅವಧಿ ಅಲ್ಲಿನ ಸ್ಥಳೀಯ ತಾರೀಖಿನಲ್ಲಿ. 20ನೇ ತಾರೀಖು ರಾತ್ರಿ ಶುರುವಾದ ಸೆಷನ್ ಮುಗಿಯುವುದು 21ಕ್ಕೆ. ಆ ಅವಧಿ 20ಕ್ಕೆ ಮುಗಿದರೆ ಚೆಕ್‌ರೈಡ್‌ನ (ಕೊನೆಯ ಪರೀಕ್ಷೆ) ನಂತರದ ಮಾತುಕತೆಯಲ್ಲಿ ಕೂತಿರುವಾಗ ನೀವು ಅವಧಿ ಮೀರಿದವರು. ಪ್ರತಿ ಸ್ಲಾಟನ್ನೂ ಸ್ಥಳೀಯ ಸಮಯಕ್ಕೆ ಬದಲಿಸಿ ಬರೆದುಕೊಳ್ಳಿ.

ಹೆಸರಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಬಿಡಿಸಿ ಬರೆದಿದ್ದು ಲೈಸೆನ್ಸ್‌ನಲ್ಲಿ ಬರೀ ಅಕ್ಷರ ಇರುವವರು ನಮ್ಮಲ್ಲಿ ಬಹಳ ಜನ. ಒಂದೇ ಹೆಸರು ಇರುವವರಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗದಲ್ಲಿ ಎಫ್‌ಎನ್‌ಯು (ಮೊದಲ ಹೆಸರು ಗೊತ್ತಿಲ್ಲ) ಅಂತ ಬರುತ್ತದೆ. ಎಫ್‌ಟಿಎಸ್‌ಪಿ ಪೋರ್ಟಲ್, ಐ-20, ಸೆಂಟರ್ ಪತ್ರ, ಎಲ್ಲದರಲ್ಲೂ ಪಾಸ್‌ಪೋರ್ಟ್‌ನ ಹೆಸರೇ ಇರಲಿ. ಲೈಸೆನ್ಸ್‌ನಲ್ಲಿ ಬೇರೆ ಇದ್ದರೆ ಅದನ್ನು ಮೊದಲೇ ತಿದ್ದಿಸಿ. ಪಾಸ್‌ಪೋರ್ಟ್ ಹೊಸದಾದರೆ ಪೋರ್ಟಲ್‌ನಲ್ಲೂ ಬದಲಿಸಿ.

ಸೆಂಟರ್ ಯಾವುದು ಒಳ್ಳೆಯದು ಅಂತಲೂ ಕೇಳಿದ್ದೀರಿ. ಕಾಗದದ ಕೆಲಸದ ದೃಷ್ಟಿಯಿಂದ ನನ್ನ ಓಟು ಸಿಎಇ, ಫ್ಲೈಟ್‌ಸೇಫ್ಟಿಯಂತಹ ದೊಡ್ಡವರಿಗೆ. ಹೊರದೇಶದ ಪೈಲಟ್‌ಗಳು ಅಲ್ಲಿ ದಿನಾ ಬರುತ್ತಾರೆ, ಏನು ಬೇಕು ಅಂತ ನೀವು ವಿವರಿಸಬೇಕಾಗಿಲ್ಲ. ಗಂಟೆಗೆ ಸ್ವಲ್ಪ ಕಡಿಮೆ ದರ ಅಂತ ಚಿಕ್ಕ ಸೆಂಟರ್‌ಗೆ ಹೋಗಿ, ಪತ್ರಕ್ಕೆ ವಾರಗಟ್ಟಲೆ ಕಾಯುವುದು ಉಳಿತಾಯ ಅಲ್ಲ. ಡ್ರೈ ಲೀಸ್, ಅಂದರೆ ಸಿಮ್ ಮಾತ್ರ ಬಾಡಿಗೆಗೆ ಹಿಡಿಯುವುದಾದರೆ, ಇನ್ನೂ ಹುಷಾರು. ಸಿಮ್ ಒಬ್ಬರದು, ಇನ್‌ಸ್ಟ್ರಕ್ಟರ್ ಇನ್ನೊಬ್ಬರು. ಪತ್ರ ಯಾರು ಕೊಡುತ್ತಾರೆ, ಪೋರ್ಟಲ್‌ನಲ್ಲಿ ಯಾರು ತೋರಿಸುತ್ತಾರೆ ಅನ್ನುವುದನ್ನು ಬರಹದಲ್ಲಿ ಪಡೆಯಿರಿ. ಜೊತೆಗೆ ಬರುವ ನಿಮ್ಮ ಟಿಆರ್‌ಇ (ಟೈಪ್ ರೇಟಿಂಗ್ ಪರೀಕ್ಷಕ) ಅಲ್ಲಿ ಕಲಿಯುವುದಿಲ್ಲ, ಕಲಿಸುತ್ತಾರೆ. ಅದು ಕೆಲಸ ಅಂತ ಲೆಕ್ಕ ಆಗಬಹುದು. ಅವರ ವೀಸಾ ಪ್ರಶ್ನೆ ಬೇರೆಯೇ, ನಿಮ್ಮ ಪತ್ರದಲ್ಲೇ ಅವರನ್ನೂ ಸೇರಿಸಬೇಡಿ.

ಟ್ರಾವೆಲ್ ಏಜೆಂಟ್ ಕೈಗೆ ಡಿಎಸ್-160 ಕೊಡಬೇಡಿ. ಉದ್ದೇಶದ ಜಾಗದಲ್ಲಿ ಕಣ್ಣುಮುಚ್ಚಿ ಪ್ರವಾಸ ಅಂತ ಹಾಕುವವರನ್ನು ನೋಡಿದ್ದೇನೆ. ಅರ್ಜಿಯ ಮೇಲೆ ಸಹಿ ನಿಮ್ಮದು, ಉತ್ತರ ಕೊಡಬೇಕಾದವರೂ ನೀವೇ.

ಯುರೋಪ್‌ಗೆ ಹೋಗಬಹುದಾ ಅಂತ ಕೇಳುವವರಿಗೆ: ಹೋಗಬಹುದು, ಟಿಎಸ್‌ಎ ಥರದ ಎರಡನೇ ಬಾಗಿಲಿನ ಕಾಟ ಇಲ್ಲ. ಶೆಂಗೆನ್ (ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪ್ ದೇಶಗಳ ಗುಂಪು) ಸಿ ವೀಸಾ, 180 ದಿನದಲ್ಲಿ 90 ದಿನ. ಶುಲ್ಕ 2024ರ ಜೂನ್‌ನಿಂದ 90 ಯೂರೋ. ಪ್ರಯಾಣಕ್ಕೆ 6 ತಿಂಗಳು ಮೊದಲೇ ಅರ್ಜಿ ಹಾಕಬಹುದು, ಕಡೇ ಪಕ್ಷ 15 ದಿನ ಮೊದಲು ಹಾಕಲೇಬೇಕು. ತೀರ್ಮಾನಕ್ಕೆ 15 ದಿನ, ಕೆಲವೊಮ್ಮೆ 45ರವರೆಗೂ ಎಳೆಯುತ್ತದೆ. 30,000 ಯೂರೋ ವಿಮೆ ಬೇಕು. ಪಾಸ್‌ಪೋರ್ಟ್ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ಅಲ್ಲಿಂದ ವಾಪಸ್ ಹೊರಡುವ ದಿನದ ನಂತರ ಇನ್ನೂ 3 ತಿಂಗಳು ಬಾಕಿ ಇರಬೇಕು. ಸಿಮ್ ಇರುವ ದೇಶದಲ್ಲೇ ಜಾಸ್ತಿ ದಿನ ಇರುತ್ತೀರಿ ಅಂದರೆ ಆ ದೇಶಕ್ಕೇ ಅರ್ಜಿ. ಲಂಡನ್, ಡಬ್ಲಿನ್ ಶೆಂಗೆನ್ ಅಲ್ಲ. ಗ್ರೌಂಡ್ ಸ್ಕೂಲ್ ಫ್ರಾಂಕ್‌ಫರ್ಟ್‌ನಲ್ಲಿ, ನಡುವೆ ಡಬ್ಲಿನ್‌ನಲ್ಲಿ ಸಿಮ್, ಮತ್ತೆ ಫ್ರಾಂಕ್‌ಫರ್ಟ್‌ಗೆ ವಾಪಸ್ ಅಂದರೆ ಐರ್ಲೆಂಡ್ ವೀಸಾ ಬೇರೆ ಬೇಕು, ಶೆಂಗೆನ್‌ಗೆ ಎರಡು ಎಂಟ್ರಿ ಬೇಕು. ಸಿಂಗಲ್ ಎಂಟ್ರಿ ಹಿಡಿದು ಹೋದರೆ ವಾಪಸ್ ಒಳಗೆ ಬಿಡುವುದಿಲ್ಲ. 2025ರ ಅಕ್ಟೋಬರ್ 12ರಿಂದ ಶೆಂಗೆನ್ ದೇಶಗಳಲ್ಲಿ ಇಇಎಸ್ (ಎಂಟ್ರಿ/ಎಕ್ಸಿಟ್ ಸಿಸ್ಟಮ್) ಶುರುವಾಗಿದೆ, ಬಂದದ್ದು ಹೋದದ್ದು ಕಂಪ್ಯೂಟರ್‌ನಲ್ಲಿ ದಾಖಲಾಗುತ್ತದೆ. ಮುದ್ರೆ ಮಸುಕಾಗಿದೆ ಅನ್ನುವ ಮಾತೆಲ್ಲ ಇನ್ನು ನಡೆಯುವುದಿಲ್ಲ.

ರಿಕರೆಂಟ್‌ನವರು ಒಂದು ಅನುಕೂಲ ಬಿಡಬೇಡಿ. ಈಯಾಸಾ (ಯುರೋಪಿನ ವಿಮಾನಯಾನ ಸುರಕ್ಷತಾ ಸಂಸ್ಥೆ) ನಿಯಮದಲ್ಲಿ ಚೆಕ್ (ಪೈಲಟ್‌ನ ಪರೀಕ್ಷೆ) ಅವಧಿಯ ಕೊನೆಯ 3 ತಿಂಗಳಲ್ಲಿ ಯಾವಾಗ ಮಾಡಿದರೂ ಮುಂದಿನ ಅವಧಿ ಹಳೆಯ ಕೊನೆ ತಾರೀಖಿನಿಂದಲೇ ಶುರು. ಬೇಗ ಮಾಡಿದರೆ ನಷ್ಟ ಇಲ್ಲ. ಹಾಗಾಗಿ ಆ ಕಿಟಕಿ ತೆರೆದ ಮೊದಲ ವಾರಕ್ಕೇ ಸ್ಲಾಟ್ ಹಿಡಿಯಿರಿ. ವೀಸಾ ತಡವಾದರೂ ಎರಡನೇ ಸ್ಲಾಟ್‌ಗೆ ಜಾಗ ಇರುತ್ತದೆ. ಕೊನೆ ವಾರಕ್ಕೆ ಇಟ್ಟುಕೊಂಡು, ವೀಸಾ ಬರದೆ ರೇಟಿಂಗ್ ಮುಗಿದರೆ ಮನೆಯಲ್ಲಿ ಕೂರಬೇಕಾಗುತ್ತದೆ.

ಇಳಿದ ಮೇಲೆ: ಕಾಗದ ಎಲ್ಲ ಕೈಚೀಲದಲ್ಲಿ ಇರಲಿ, ಚೆಕ್-ಇನ್ ಬ್ಯಾಗ್‌ನಲ್ಲಿ ಬೇಡ. ಯಾಕೆ ಬಂದಿರಿ ಅಂದರೆ ಪತ್ರದಲ್ಲಿರುವ ಕೋರ್ಸ್ ಹೆಸರನ್ನೇ ಹೇಳಿ. "ಸುಮ್ನೆ ಸ್ವಲ್ಪ ಫ್ಲೈಯಿಂಗ್" ಅಂತ ಹಗುರವಾಗಿ ಮಾತಾಡಬೇಡಿ. ಅಮೆರಿಕದಲ್ಲಾದರೆ ಹೋಟೆಲ್‌ಗೆ ಹೋದ ತಕ್ಷಣ ಆನ್‌ಲೈನ್‌ನಲ್ಲಿ ಐ-94 (ಒಳಗೆ ಬಿಟ್ಟ ದಾಖಲೆ) ತೆಗೆದು ಯಾವ ವರ್ಗದಲ್ಲಿ, ಯಾವ ದಿನದವರೆಗೆ ಬಿಟ್ಟಿದ್ದಾರೆ ಅಂತ ನೋಡಿ. ನೀವು ಎಷ್ಟು ದಿನ ಇರಬಹುದು ಅನ್ನುವುದು ಅದರಲ್ಲಿದೆ, ವೀಸಾ ಸ್ಟಿಕ್ಕರ್‌ನಲ್ಲಿ ಅಲ್ಲ. ಮೊದಲ ದಿನ ಸೆಂಟರ್‌ನವರು ಫೋಟೋ ತೆಗೆದು ಪೋರ್ಟಲ್‌ಗೆ ಹಾಕಬೇಕು, ಅವರು ಮರೆತರೆ ನೀವೇ ನೆನಪಿಸಿ. ಲಾಗ್‌ಬುಕ್‌ನ ಕೊನೆ ಪುಟಗಳ ಪ್ರತಿ, ಮೆಡಿಕಲ್, ಇಂಗ್ಲಿಷ್ ಲೆವೆಲ್ ಕಾಗದ ಕೂಡ ಜೊತೆಗಿರಲಿ, ಎಕ್ಸಾಮಿನರ್ ಕೇಳಿಯೇ ಕೇಳುತ್ತಾರೆ.

ನಿಮ್ಮ ವಿಷಯಕ್ಕೆ ಬಂದರೆ, ಮುಂದಿನ ತಿಂಗಳ ಸ್ಲಾಟ್ ಬಿಟ್ಟುಬಿಡಿ. ಇವತ್ತೇ ಸೆಂಟರ್‌ಗೆ ಫೋನ್ ಮಾಡಿ, ದಂಡ ಇಲ್ಲದೆ ಮುಂದೂಡಲು ಕೊನೆ ದಿನ ಯಾವುದು ಕೇಳಿ. ಐ-20 ಕೊಡುತ್ತಾರಾ ಅದನ್ನೂ ಕೇಳಿ. ಕೊಡುವುದಿಲ್ಲ ಅಂದರೆ ದುಡ್ಡು ವಾಪಸ್ ಬರುವ ದಾರಿ ಈಗಲೇ ಹುಡುಕಬೇಕು. ಅವರು ಕಳುಹಿಸಿದ ಪತ್ರ ಇದ್ದರೆ ಪಾಸ್‌ಪೋರ್ಟ್ ನಂಬರ್ ಮುಚ್ಚಿ ಇಲ್ಲಿ ಹಾಕಿ, ಕೋರ್ಸ್ ಹೆಸರು ಮತ್ತು ತಾರೀಖಿನ ಸಾಲು ನೋಡಿ ಏನು ಬದಲಿಸಬೇಕು ಅಂತ ಹೇಳುತ್ತೇನೆ.