ಕೋರ್ ನಾಲ್ಕು, ದುಡಿಯುವುದು ಒಂದೇ

ಪ್ರಶ್ನೆ: ನಾಲ್ಕು ಕೋರ್‌ನ ಮಿನಿ ಪಿಸಿಗೆ ಡೆಬಿಯನ್ ಲಿನಕ್ಸ್ ಹಾಕಿ ಮನೆಯ ರೂಟರ್ ಮಾಡಿಕೊಂಡಿದ್ದೇನೆ. ಎರಡೂ ಪೋರ್ಟ್ ಇಂಟೆಲ್ ಐ210 ನೆಟ್‌ವರ್ಕ್ ಕಾರ್ಡಿನವು. ಫೈಬರ್ 1 ಗಿಗಾಬಿಟ್, ಲಾಗಿನ್ ಪಿಪಿಪಿಒಇ (ಹೆಸರು, ಗುಪ್ತಪದ ಕೊಟ್ಟು ಸೇರುವ ವಿಧಾನ). ಡೌನ್‌ಲೋಡ್ 600 ಮೆಗಾಬಿಟ್ ದಾಟುವುದಿಲ್ಲ. ಸಿಪಿಯು ಬಳಕೆ ಮಾತ್ರ ಶೇ 27. ಕಾರ್ಡ್ ಬದಲಿಸಬೇಕೇ?

ಉತ್ತರ: ಬೇಡ. ಆ 27 ನಾಲ್ಕೂ ಕೋರ್‌ಗಳ ಸರಾಸರಿ. ಡೌನ್‌ಲೋಡ್ ನಡೆಯುವಾಗ ಟಾಪ್ (ಸಿಪಿಯು ಬಳಕೆ ತೋರುವ ಆದೇಶ) ತೆರೆದು 1 ಒತ್ತಿ, ಸಾಲುಸಾಲಾಗಿ ‘ಎಸ್‌ಐ’ ಅಂಕಿ (ಪ್ಯಾಕೆಟ್ ಸಾಗಿಸುವಂಥ ಒಳಗಿನ ಕೆಲಸಕ್ಕೆ ಹೋದ ಪಾಲು) ನೋಡಿ. ಒಂದು ಕೋರ್ ನೂರಕ್ಕೆ ಹತ್ತಿರ ಬಂದು, ಉಳಿದ ಮೂರು ಸುಮ್ಮನಿದ್ದರೆ ರೋಗ ಸಿಕ್ಕಿತು.

ಐ210ಗೆ ಪ್ಯಾಕೆಟ್ ಕಾಯುವ ನಾಲ್ಕು ಕ್ಯೂಗಳಿವೆ, ಒಂದೊಂದನ್ನು ಒಂದೊಂದು ಕೋರ್ ನೋಡಿಕೊಳ್ಳಬಹುದು. ಬಂದ ಪ್ಯಾಕೆಟ್ಟಿನ ಐಪಿ ವಿಳಾಸ, ಪೋರ್ಟ್ ಸಂಖ್ಯೆಗಳ ಹ್ಯಾಶ್ (ಲೆಕ್ಕ ಹಾಕಿ ಪಡೆದ ಗುರುತಂಕಿ) ತೆಗೆದು ಕಾರ್ಡ್ ಅದನ್ನು ಯಾವುದಾದರೊಂದು ಕ್ಯೂಗೆ ಹಾಕುತ್ತದೆ. ಪಿಪಿಪಿಒಇ ಫ್ರೇಮಿನಲ್ಲಿ ಐಪಿ ಹೆಡರ್ ಇನ್ನೊಂದು ಹೊದಿಕೆಯೊಳಗಿರುತ್ತದೆ. ಕಾರ್ಡಿಗೆ ಅದು ಕಾಣದು. ಎಲ್ಲವೂ ಸೊನ್ನೆಯ ಕ್ಯೂಗೇ ಬೀಳುತ್ತವೆ. ನಾಲ್ಕು ಪಂಕ್ತಿ ಹಾಸಿದರೂ ಊಟದವರೆಲ್ಲ ಒಂದೇ ಪಂಕ್ತಿಯಲ್ಲಿ ಕುಳಿತ ಹಾಗೆ. ಇಥ್‌ಟೂಲ್ ಆದೇಶಕ್ಕೆ ದೊಡ್ಡ ಎಸ್ ಆಯ್ಕೆ ಕೊಟ್ಟು ಕ್ಯೂವಾರು ಲೆಕ್ಕ ನೋಡಿ ಖಚಿತಪಡಿಸಿಕೊಳ್ಳಿ.

ಮದ್ದು ಆರ್‌ಪಿಎಸ್ (ರಿಸೀವ್ ಪ್ಯಾಕೆಟ್ ಸ್ಟೀರಿಂಗ್). ಹಂಚುವ ಕೆಲಸವನ್ನು ಇಲ್ಲಿ ಲಿನಕ್ಸ್‌ನ ತಿರುಳಾದ ಕರ್ನಲ್ಲೇ ಮಾಡುತ್ತದೆ, ಅದಕ್ಕೆ ಪಿಪಿಪಿಒಇ ಹೊದಿಕೆ ಬಿಚ್ಚಿ ನೋಡಲು ಬರುತ್ತದೆ. ಸಿಸ್‌ನಡಿ ಕ್ಲಾಸ್, ನೆಟ್, ವ್ಯಾನ್ (ಫೈಬರ್ ಕಡೆಯ) ಪೋರ್ಟಿನ ಹೆಸರು, ಕ್ಯೂಸ್, ಆರ್‌ಎಕ್ಸ್-0 ಎಂದು ಇಳಿದರೆ ‘ಆರ್‌ಪಿಎಸ್_ಸಿಪಿಯುಸ್’ ಕಡತ ಸಿಗುತ್ತದೆ. ಸೊನ್ನೆಯ ಕ್ಯೂನ ಇಂಟರಪ್ಟ್ (ಪ್ಯಾಕೆಟ್ ಬಂತೆಂಬ ಕರೆ) 0ನೇ ಕೋರ್‌ಗೆ ಬರುತ್ತಿದ್ದರೆ ಅದನ್ನು ಬಿಟ್ಟು 1, 2, 3ನೇ ಕೋರ್‌ಗಳಿಗೆ ಕೆಲಸ ಕೊಡಿ. ಕೋರ್‌ಗಳ ಬೆಲೆ ಕ್ರಮವಾಗಿ 1, 2, 4, 8; ಹಾಗಾಗಿ 2+4+8, ಅಂದರೆ 14. ಕಡತ ಓದುವುದು ಹದಿನಾರರ ಎಣಿಕೆಯಲ್ಲಾದ್ದರಿಂದ ಬರೆಯಬೇಕಾದದ್ದು ಇಂಗ್ಲಿಷಿನ ‘ಇ’ (e) ಅಕ್ಷರ. 14 ಎಂದೇ ಬರೆದು ‘ಏನೂ ಆಗಲಿಲ್ಲ’ ಎನ್ನುವವರು ಬಹಳ. ಲ್ಯಾನ್ (ಮನೆಯೊಳಗಿನ ಕಡೆಯ) ಪೋರ್ಟಿಗೆ ಇದೇನೂ ಬೇಡ. ಅಲ್ಲಿ ಬರುವುದು ಸಾದಾ ಐಪಿ, ಕಾರ್ಡೇ ಹಂಚಿಕೊಳ್ಳುತ್ತದೆ.

ಅಳೆಯುವಾಗ ರೂಟರಿನ ಹಿಂದಿನ ಕಂಪ್ಯೂಟರಿನಿಂದ, ಎಂಟು ಸಂಪರ್ಕ ಒಟ್ಟಿಗೆ ತೆರೆದು ಅಳೆಯಿರಿ. ಒಂದು ಸಂಪರ್ಕದ ಪ್ಯಾಕೆಟ್‌ಗಳೆಲ್ಲ ಒಂದೇ ಕೋರ್‌ಗೆ ಹೋಗುವುದರಿಂದ ಒಂಟಿ ಡೌನ್‌ಲೋಡಿನಲ್ಲಿ ಹೆಚ್ಚು ವ್ಯತ್ಯಾಸ ಕಾಣದು. ಕೇಕ್ ಶೇಪರ್ (ವೇಗಕ್ಕೆ ಮಿತಿ ಹಾಕಿ ಸರದಿ ನೋಡಿಕೊಳ್ಳುವ ವ್ಯವಸ್ಥೆ) ಹಾಕಿದ್ದರೆ ಮೊದಲು ತೆಗೆಯಿರಿ. ಅದೂ ಒಂದೇ ಕೋರ್ ತಿನ್ನುವ ಗಿರಾಕಿ.

ಇನ್ನು ಪ್ಯಾಕೆಟ್ ಲೆಕ್ಕ ತೋರುವ ‘ಸಾಫ್ಟ್‌ನೆಟ್_ಸ್ಟ್ಯಾಟ್’ ಕಡತ. ಕೋರ್‌ಗೊಂದು ಸಾಲು, ಅಂಕಿಗಳು ಮತ್ತೆ ಹದಿನಾರರವು. ಎರಡನೇ ಕಂಬ ಏರುತ್ತಿದ್ದರೆ ಆರ್‌ಪಿಎಸ್ ಕಳಿಸಿದ ಪ್ಯಾಕೆಟ್‌ಗಳಿಗೆ ಕಾಯುವ ಜಾಗ ಸಾಲದೆ ಬಿದ್ದುಹೋಗುತ್ತಿವೆ: ‘ನೆಟ್‌ಡೆವ್_ಮ್ಯಾಕ್ಸ್_ಬ್ಯಾಕ್‌ಲಾಗ್’ 1000ದಿಂದ 2000ಕ್ಕೆ ಏರಿಸಿ. ಮೂರನೆಯದು ಏರಿದರೆ ಒಂದು ಸರದಿಗೆ ಕೊಟ್ಟ ಪಾಲು ಮುಗಿದು ಕೆಲಸ ಉಳಿಯುತ್ತಿದೆ: ‘ನೆಟ್‌ಡೆವ್_ಬಜೆಟ್’ 300ರಿಂದ 600 ಮಾಡಿ. ಎರಡೂ ನಿಂತಲ್ಲೇ ಇದ್ದರೆ ಮುಟ್ಟಬೇಡಿ.

ಇಂಟರಪ್ಟ್ ತಗ್ಗಿಸುವ ‘ಆರ್‌ಎಕ್ಸ್-ಯೂಸೆಕ್ಸ್’ ಬಗ್ಗೆ: ಐ210ರಲ್ಲಿ ಮೊದಲೇ ಇರುವ 3 ಎಂದರೆ 3 ಮೈಕ್ರೊಸೆಕೆಂಡ್ ಅಲ್ಲ, ಚಾಲಕವೇ ಪರಿಸ್ಥಿತಿ ನೋಡಿ ಹೊಂದಿಸಿಕೊಳ್ಳುವ ಸಂಕೇತ. 50 ಕೊಟ್ಟರೆ ಕ್ಯೂವೊಂದಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 20,000 ಇಂಟರಪ್ಟ್. 64 ಬೈಟ್‌ನ ಪ್ಯಾಕೆಟ್‌ಗಳು ಗಿಗಾಬಿಟ್ ತುಂಬಿ ಬಂದರೂ (ಸೆಕೆಂಡಿಗೆ 14.88 ಲಕ್ಷ) ಎರಡು ಇಂಟರಪ್ಟ್ ನಡುವೆ ಸೇರುವುದು 75ರಷ್ಟು, 256ರ ರಿಂಗ್ (ಪ್ಯಾಕೆಟ್‌ಗಳು ಕಾಯುವ ಜಾಗ) ಧಾರಾಳ. ರಿಂಗನ್ನು 4096ಕ್ಕೆ ಎಳೆಯುವ ಸಲಹೆ ನನಗೆ ಒಪ್ಪಿಗೆಯಿಲ್ಲ. ಕೋರ್ ಹಿಂದೆ ಬಿದ್ದಾಗ ಪ್ಯಾಕೆಟ್ ಅಲ್ಲೇ ಕಾಯುತ್ತದೆ, ಪಿಂಗ್ ಕೆಡುತ್ತದೆ.

ಇಂಟರಪ್ಟನ್ನು ಕೈಯಾರೆ ಒಂದು ಕೋರ್‌ಗೆ ಕಟ್ಟುವುದಾದರೆ ಇಂಟರಪ್ಟ್‌ಗಳನ್ನು ತಾನೇ ಹಂಚುವ ಐಆರ್‌ಕ್ಯೂಬ್ಯಾಲೆನ್ಸ್ ನಿಲ್ಲಿಸಿ, ಇಲ್ಲದಿದ್ದರೆ ಅದು ಮತ್ತೆ ಬದಲಿಸುತ್ತದೆ. ರೀಬೂಟ್ ಆದರೆ ಇವೆಲ್ಲ ಅಳಿಸಿಹೋಗುತ್ತವೆ; ಪೋರ್ಟ್ ಏಳುವಾಗ ಓಡುವ ಸ್ಕ್ರಿಪ್ಟಿಗೆ ಸೇರಿಸಿ.

ಪ್ರಶ್ನೆ: ನನ್ನದು ಪಿಎಫ್‌ಸೆನ್ಸ್ ಎಂಬ ರೂಟರ್ ತಂತ್ರಾಂಶ, ಇದೇ ತೊಂದರೆ. ಆರ್‌ಪಿಎಸ್ ಎಲ್ಲಿದೆ?

ಉತ್ತರ: ಇಲ್ಲ, ಅದು ಲಿನಕ್ಸ್‌ನದು, ನಿಮ್ಮದು ಫ್ರೀಬಿಎಸ್‌ಡಿ. ಅಲ್ಲಿ ‘ನೆಟ್.ಐಎಸ್‌ಆರ್.ಡಿಸ್ಪ್ಯಾಚ್’ ಅನ್ನು ‘ಡೈರೆಕ್ಟ್’ನಿಂದ ‘ಡಿಫರ್ಡ್’ಗೆ ಬದಲಿಸಿ. ‘ನೆಟ್.ಐಎಸ್‌ಆರ್.ಮ್ಯಾಕ್ಸ್‌ಥ್ರೆಡ್ಸ್’ಗೆ -1 (ಕೋರ್‌ಗೊಂದು ಥ್ರೆಡ್) ಕೊಡಬೇಕು. ಎರಡನೆಯದನ್ನು ಲೋಡರ್ ಕಡತದಲ್ಲೇ ಬರೆಯಬೇಕು, ಓಡುತ್ತಿರುವಾಗ ಬದಲಾಗದು.