ಓದುಗರ ಪ್ರಶ್ನೆ: ಒಲಿವಿಯಾ ಡಿ ಹ್ಯಾವಿಲೆಂಡ್ ಆ ಎರಡು ವರ್ಷ ಎಲ್ಲಿದ್ದರು?

ಪ್ರಶ್ನೆ: ‘ಗಾನ್ ವಿತ್ ದ ವಿಂಡ್’ನಲ್ಲಿ ಮೆಲನಿಯಾಗಿದ್ದ ಒಲಿವಿಯಾ ಡಿ ಹ್ಯಾವಿಲೆಂಡ್ ಅವರ ಚಿತ್ರಗಳ ಪಟ್ಟಿ ನೋಡಿದೆ. 1935ರಿಂದ ವರ್ಷ ತಪ್ಪದೆ ಚಿತ್ರಗಳಿವೆ, 1944 ಮತ್ತು 1945ರಲ್ಲಿ ಮಾತ್ರ ಒಂದೂ ಇಲ್ಲ. ಯುದ್ಧ ಕಾರಣವೇ? (ಸಕಲೇಶಪುರದ ಓದುಗರು)

ಉತ್ತರ: ಯುದ್ಧವಲ್ಲ, ಮೊಕದ್ದಮೆ. ಆಗ ಹಾಲಿವುಡ್ ನಟಿಯರು ಸ್ಟುಡಿಯೋದ ಸಂಬಳಕ್ಕಿದ್ದವರು. 1936ರ ಮೇ ತಿಂಗಳಿಂದ ಏಳು ವರ್ಷ ಇವರ ಮೇಲೆ ವಾರ್ನರ್ ಬ್ರದರ್ಸ್‌ಗೆ ಹಕ್ಕಿತ್ತು. ಕೊಟ್ಟ ಪಾತ್ರ ಬೇಡವೆಂದರೆ ಸಸ್ಪೆಂಡ್. ಅದನ್ನು ಇನ್ನೊಬ್ಬರು ಮಾಡಿ ಮುಗಿಸುವ ತನಕ ಸಂಬಳವಿಲ್ಲ, ಬೇರೆ ಕಡೆ ನಟಿಸುವಂತಿಲ್ಲ, ಮೇಲಾಗಿ ಅಷ್ಟೂ ವಾರ ಕರಾರಿನ ಕೊನೆಗೆ ಸೇರಿಕೊಳ್ಳುತ್ತಿತ್ತು. ತೋಟದ ರೈಟರು ರಜೆ ಹಾಕಿದ ದಿನಗಳನ್ನೆಲ್ಲ ಕೂಡಿಸಿ ಎಂಟನೇ ವರ್ಷವೂ ದುಡಿಸಿಕೊಂಡ ಹಾಗೆ.

1943ರ ಮೇನಲ್ಲಿ ಏಳು ವರ್ಷ ತುಂಬಿದಾಗ ಸ್ಟುಡಿಯೋ ಇನ್ನೂ ಸುಮಾರು ಆರು ತಿಂಗಳು ಬಾಕಿ ಇದೆ ಎಂದಿತು. ಏಳು ವರ್ಷ ಮೀರಿ ಯಾರನ್ನೂ ಕರಾರಿನಲ್ಲಿ ಕಟ್ಟಿಹಾಕುವಂತಿಲ್ಲ ಎಂಬ ಕಲಂ ಕ್ಯಾಲಿಫೋರ್ನಿಯಾದ ಕಾರ್ಮಿಕ ಕಾನೂನಿನಲ್ಲಿದೆ. ಒಲಿವಿಯಾ ಅವರ ವಕೀಲ ಮಾರ್ಟಿನ್ ಗ್ಯಾಂಗ್ ಅದನ್ನೇ ಹಿಡಿದು ವಾದಿಸಿದರು. ಏಳು ವರ್ಷ ಎಂದರೆ ದುಡಿದ ವರ್ಷವೋ, ಕ್ಯಾಲೆಂಡರ್ ವರ್ಷವೋ ಎಂಬುದಷ್ಟೇ ತಕರಾರು. ಕ್ಯಾಲೆಂಡರ್ ವರ್ಷ ಎಂದು ಕೆಳಕೋರ್ಟು ಹೇಳಿತು, 1944ರ ಡಿಸೆಂಬರಿನಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. 1945ರ ಫೆಬ್ರವರಿಯಲ್ಲಿ ರಾಜ್ಯದ ಸುಪ್ರೀಂ ಕೋರ್ಟು ಪ್ರಕರಣವನ್ನು ಮತ್ತೆ ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಈ ನಡುವೆ ವಾರ್ನರ್ ಬೇರೆ ಸ್ಟುಡಿಯೋಗಳಿಗೆಲ್ಲ ಪತ್ರ ಬರೆದು ಕೆಲಸ ಸಿಗದಂತೆ ನೋಡಿಕೊಂಡಿತ್ತು. ಪಟ್ಟಿಯಲ್ಲಿ ನೀವು ಕಂಡ ಖಾಲಿ ಜಾಗ ಅದೇ. 1946ರಲ್ಲಿ ತೆರೆಕಂಡ ‘ಡಿವೋಷನ್’ ಕೂಡ ದಾವೆಗೆ ಮೊದಲೇ ಚಿತ್ರೀಕರಣ ಮುಗಿಸಿದ್ದು.

ಇದೇ ಸ್ಟುಡಿಯೋದ ವಿರುದ್ಧ ಇನ್ನೊಬ್ಬ ನಟಿ ಬೆಟ್ಟಿ ಡೇವಿಸ್ 1936ರಲ್ಲಿ ಲಂಡನ್ನಿನ ಕೋರ್ಟಿನಲ್ಲಿ ಸೋತಿದ್ದರು. ಅದು ಗೊತ್ತಿದ್ದೂ, ಇನ್ನೂ ಮೂವತ್ತು ತುಂಬದ ನಟಿ ಹೂಡಿದ ದಾವೆ ಇದು. ಅವರ ಯಾವ ಪಾತ್ರಕ್ಕೂ ಕಡಿಮೆಯಿಲ್ಲದ ಸಾಧನೆ. ಗೆದ್ದ ಮೇಲೆ ಪಾತ್ರಗಳನ್ನು ತಾವೇ ಆರಿಸಿಕೊಂಡರು. ಎರಡು ಆಸ್ಕರ್ ಬಂದದ್ದೂ ಆಮೇಲೆಯೇ: ‘ಟು ಈಚ್ ಹಿಸ್ ಓನ್’ (1946), ‘ದ ಏರೆಸ್’ (1949).

ಪ್ರಶ್ನೆ: ನಮ್ಮ ಕಾಲೇಜಿನ ಸಿನಿಮಾ ಕೂಟದಲ್ಲಿ ಇವರದೊಂದು ಚಿತ್ರ ತೋರಿಸಬೇಕು. ಯಾವುದು? (ಚಿಕ್ಕಮಗಳೂರಿನ ವಿದ್ಯಾರ್ಥಿನಿ)

ಉತ್ತರ: ‘ದ ಏರೆಸ್’ ತೋರಿಸಿ. ಎರಡು ಗಂಟೆಯೊಳಗೆ ಮುಗಿಯುತ್ತದೆ. ಹಳೆಯ ಚೌಕಟ್ಟಿನ ಚಿತ್ರವಾದ್ದರಿಂದ ಪ್ರೊಜೆಕ್ಟರನ್ನು 4:3ಕ್ಕೆ ಹಾಕಿ. ತೆರೆ ತುಂಬಲೆಂದು ಅಗಲ ಮಾಡಿದರೆ ಮುಖಗಳು ಊದಿಕೊಂಡಂತೆ ಕಾಣುತ್ತವೆ, ಈ ಚಿತ್ರದ ಜೀವವಿರುವುದು ಮುಖಗಳಲ್ಲೇ. ಓಡಿಹೋಗಲು ಸಿದ್ಧಳಾಗಿ ಕಾದ ನಾಯಕಿ, ಪ್ರಿಯಕರ ಬಾರದೆ ಪೆಟ್ಟಿಗೆ ಹಿಡಿದು ಮತ್ತೆ ಮೆಟ್ಟಿಲು ಹತ್ತುವ ದೃಶ್ಯ ತಪ್ಪಿಸಬೇಡಿ. ನಿರ್ದೇಶಕ ವಿಲಿಯಂ ವೈಲರ್ ಅದನ್ನು ಮತ್ತೆ ಮತ್ತೆ ತೆಗೆಸಿ, ಕಡೆಗೆ ಖಾಲಿ ಪೆಟ್ಟಿಗೆಗೆ ಪುಸ್ತಕ ತುಂಬಿಸಿದರಂತೆ. ಕೊನೆಯಲ್ಲಿ ಅದೇ ಮೆಟ್ಟಿಲನ್ನು ದೀಪ ಹಿಡಿದು ಹತ್ತುತ್ತಾರೆ. ಎರಡೂ ನಡಿಗೆಯನ್ನು ಹೋಲಿಸಿ ನೋಡಲು ಹುಡುಗಿಯರಿಗೆ ಮೊದಲೇ ಹೇಳಿರಿ.

ಪ್ರಶ್ನೆ: ಜೋನ್ ಫಾಂಟೇನ್ ಇವರ ತಂಗಿಯೇ? (ಬೇಲೂರಿನ ಓದುಗರು)

ಉತ್ತರ: ಹೌದು. ಇಬ್ಬರೂ ಹುಟ್ಟಿದ್ದು ಟೋಕಿಯೊದಲ್ಲಿ, ಅಕ್ಕ 1916ರಲ್ಲಿ, ತಂಗಿ 1917ರಲ್ಲಿ. 1942ರ ಆಸ್ಕರ್ ಸಮಾರಂಭದಲ್ಲಿ ಅತ್ಯುತ್ತಮ ನಟಿಯ ಸ್ಪರ್ಧೆಯಲ್ಲಿ ಇಬ್ಬರೂ ಇದ್ದರು, ಗೆದ್ದದ್ದು ತಂಗಿ. ತಂಗಿ ತೀರಿಕೊಂಡದ್ದು 2013ರಲ್ಲಿ. ಒಲಿವಿಯಾ 104 ವರ್ಷ ಬಾಳಿ, 2020ರ ಜುಲೈನಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡರು.