ಹಡಗಿನ ಪಟ್ಟಿಯಿಂದ ಹುಟ್ಟೂರಿಗೆ

ಪ್ರಶ್ನೆ: ಅಮೆರಿಕದ ಯೂಟಾದಲ್ಲಿರುವ ನಮ್ಮ ಸೊಸೆಯ ಪೂರ್ವಜರು 1856ರಲ್ಲಿ ಇಂಗ್ಲೆಂಡಿನಿಂದ ಮಾರ್ಮನ್ (ಅಮೆರಿಕದಲ್ಲಿ ಹುಟ್ಟಿದ ಒಂದು ಕ್ರೈಸ್ತ ಪಂಥ) ವಲಸಿಗರಾಗಿ ಬಂದವರು. ಅವರ ಮೂಲ ಊರನ್ನು ಪತ್ತೆಹಚ್ಚುವುದು ಹೇಗೆ?

ಉತ್ತರ: ಹಡಗಿನಿಂದ ಆರಂಭಿಸಿ. ಲಿವರ್‌ಪೂಲ್ ಬಂದರಿನಿಂದ ಗುಂಪಾಗಿ ಹೊರಟ ಇವರ ಹೆಸರು, ವಯಸ್ಸು, ಕಸುಬುಗಳನ್ನು ಮಾರ್ಮನ್ ಚರ್ಚಿನವರೇ ಬರೆದಿಡುತ್ತಿದ್ದರು. ಬಳಿಕ 1851ರ ಇಂಗ್ಲೆಂಡ್ ಜನಗಣತಿಯನ್ನು ನೋಡಿ. 1841ರ ಗಣತಿಯಲ್ಲಿ ಇಲ್ಲದ ಹುಟ್ಟೂರಿನ ಹೆಸರು ಅದರಲ್ಲಿದೆ. ಸರ್ಕಾರಿ ಜನನ ನೋಂದಣಿ ಆರಂಭವಾದದ್ದು 1837ರ ಜುಲೈನಲ್ಲಾದ್ದರಿಂದ, ಅದಕ್ಕೂ ಮೊದಲು ಹುಟ್ಟಿದವರಿಗಾಗಿ ಆ ಊರಿನ ಚರ್ಚಿನ ದೀಕ್ಷಾಸ್ನಾನದ ದಾಖಲೆಯನ್ನೇ ಹುಡುಕಬೇಕು.

ಒಂದು ಮಾತನ್ನು ಒತ್ತಿ ಹೇಳಬೇಕು. ಆ ವರ್ಷ ಅಮೆರಿಕದ ಅಯೋವಾ ಸಿಟಿಯಿಂದ ಯೂಟಾದತ್ತ ಕೈಗಾಡಿ ಎಳೆಯುತ್ತ ನಡೆದ ವಿಲ್ಲಿ ಮತ್ತು ಮಾರ್ಟಿನ್ ಎಂಬ ಮಾರ್ಮನ್ ವಲಸಿಗರ ತಂಡಗಳು ತಡವಾಗಿ ಹೊರಟು, ಇಂದಿನ ವಯೋಮಿಂಗ್‌ನಲ್ಲಿ ಹಿಮಕ್ಕೆ ಸಿಲುಕಿ, 200ಕ್ಕೂ ಹೆಚ್ಚು ಜನ ಪ್ರಾಣಬಿಟ್ಟರು. ಹಾಗಾಗಿ ಹಡಗಿನ ಪಟ್ಟಿಯಲ್ಲಿದ್ದ ಮಗುವೊಂದು ಯೂಟಾದ 1860ರ ಗಣತಿಯಲ್ಲಿ ಕಾಣದಿದ್ದರೆ, ಇದು ಬೇರೆ ಕುಟುಂಬವೆಂದು ಕೈಬಿಡಬೇಡಿ.